ಶುಗರ್ ಲೋ ಆಗಿದ್ದ ಅಮ್ಮನಿಗೆ ಎಚ್ಚರ ಬಂತು, ಆದರೂ ಮನೆಗೆ ಯಾಕೆ ಬಿಡಲಿಲ್ಲ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 71 ವರ್ಷ. ಶುಗರ್‌ಗೆ ದಿನಾ ಬೆಳಿಗ್ಗೆ ಗ್ಲಿಮೆಪಿರೈಡ್, ಬಿಪಿಗೆ ಅಟೆನೊಲಾಲ್. ಹೋದ ವಾರ ಉರಿಮೂತ್ರಕ್ಕೆ ಅಂತ ಲೆವೊಫ್ಲಾಕ್ಸಸಿನ್ ಬರೆದುಕೊಟ್ಟರು. ಬಾಯಿ ರುಚಿ ಕೆಟ್ಟು ಊಟ ಅಷ್ಟಕ್ಕಷ್ಟೇ. ಮೂರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ನೋಡಿದರೆ ದಿಂಬೆಲ್ಲ ಬೆವರಲ್ಲಿ ಒದ್ದೆ, ಮಾತು ತೊದಲುತ್ತಿದೆ. ಲಕ್ವ ಹೊಡೆಯಿತು ಅಂತ ಹೆದರಿ 108ಕ್ಕೆ ಫೋನ್ ಮಾಡಿದೆವು. ಎಮರ್ಜೆನ್ಸಿಯಲ್ಲಿ ಬೆರಳು ಚುಚ್ಚಿ ನೋಡಿದರು, ಶುಗರ್ 38. ನರಕ್ಕೆ ಗ್ಲೂಕೋಸ್ ಕೊಟ್ಟ ಐದು ನಿಮಿಷಕ್ಕೆ ಕಣ್ಣು ಬಿಟ್ಟು "ಕಾಫಿ ಆಯ್ತಾ?" ಅಂದರು. ಆಮೇಲೂ ಒಂದು ದಿನ ಇರಲೇಬೇಕು ಅಂದರು. ಬಿಲ್ ಏರಿಸೋಕೆ ಅಲ್ವಾ?

ಉತ್ತರ: ಈ ಸಲ ಅಲ್ಲ. ಗ್ಲಿಮೆಪಿರೈಡ್ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಒಂದು ಮಾತ್ರೆ ಇಡೀ ದಿನ ಕೆಲಸ ಮಾಡುತ್ತದೆ, ಕಿಡ್ನಿ ಸೋತಿದ್ದರೆ ಇನ್ನೂ ಜಾಸ್ತಿ ಹೊತ್ತು. ನರಕ್ಕೆ ಕೊಟ್ಟ ಗ್ಲೂಕೋಸ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಜೊತೆಗೆ ಆ ಗ್ಲೂಕೋಸ್ ನೋಡಿ ಮೇದೋಜೀರಕ ಮತ್ತಷ್ಟು ಇನ್ಸುಲಿನ್ ಬಿಡುತ್ತದೆ! ಅದಕ್ಕೇ ಗಂಟೆ ಗಂಟೆಗೆ ಬೆರಳು ಚುಚ್ಚುವುದು. ಮತ್ತೆ ಮತ್ತೆ ಇಳಿದರೆ ಆಕ್ಟ್ರಿಯೊಟೈಡ್ ಅನ್ನುವ ಇಂಜೆಕ್ಷನ್ ಕೊಟ್ಟು ಇನ್ಸುಲಿನ್ ಹೊರಡುವುದನ್ನೇ ತಡೆಯುತ್ತೇವೆ.

ಲೆವೊಫ್ಲಾಕ್ಸಸಿನ್ ಶುಗರನ್ನು ಮೇಲೆ ಕೆಳಗೆ ಆಡಿಸುವ ಔಷಧಿ. ಶುಗರ್ ಮಾತ್ರೆಯ ಜೊತೆ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ತುಂಬಾ ಕೆಳಗೆ ಬೀಳಬಹುದು. ಶುಗರ್ ಇಳಿದಾಗ ಕಾಣುವ ಕೈ ನಡುಕ, ಎದೆ ಬಡಿತ ಎರಡನ್ನೂ ಅಟೆನೊಲಾಲ್ ಮುಚ್ಚಿಡುತ್ತದೆ. ಬೆವರನ್ನು ಮಾತ್ರ ಮುಚ್ಚಿಡಲು ಅದಕ್ಕೆ ಆಗುವುದಿಲ್ಲ. ಆ ಒದ್ದೆ ದಿಂಬು ನೋಡಿದ್ದು ಒಳ್ಳೆಯದಾಯಿತು. ಅಂದ ಹಾಗೆ, ಉರಿಮೂತ್ರಕ್ಕೆ ಬರೆದವರಿಗೆ ಹಳೇ ಚೀಟಿ ತೋರಿಸಿದ್ದಿರಾ?

ಪ್ರಶ್ನೆ ಕೇಳಿದವರು: ಇಲ್ಲ ಡಾಕ್ಟ್ರೇ, ಅದು ಬೇರೆ ಕ್ಲಿನಿಕ್. ಹೌದು, ಅವತ್ತು ಹನ್ನೊಂದು ಗಂಟೆಗೆ ಮತ್ತೆ 54 ಬಂತು. ಈಗ ಶುಗರ್ ಮಾತ್ರೆ ಪೂರ್ತಿ ನಿಲ್ಲಿಸಲಾ?

ಉತ್ತರ: ಆ 54 ಮನೆಯಲ್ಲಿ ಬಂದಿದ್ದರೆ, ರಾತ್ರಿಯೆಲ್ಲ ನಿದ್ದೆಗೆಟ್ಟ ನೀವು "ಪಾಪ ಸುಸ್ತಾಗಿ ಮಲಗಿದ್ದಾರೆ" ಅಂತ ಸುಮ್ನೆ ಇರುತ್ತಿದ್ದಿರಿ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಡಾಕ್ಟರ ಹತ್ತಿರ ಹೋಗಿ. ಈ ವಯಸ್ಸಿಗೆ ಇಷ್ಟು ಇಳಿಸದ ಬೇರೆ ಮಾತ್ರೆಗಳಿವೆ. ಮುಂದೆ ಅಮ್ಮ ಊಟ ಬಿಟ್ಟ ದಿನ, ಮಾತ್ರೆ ಕೊಡುವ ಮುಂಚೆ ಆ ಡಾಕ್ಟರಿಗೆ ಒಂದು ಫೋನ್ ಮಾಡಿ.

ಮತ್ತೊಬ್ಬರು: ನಮ್ಮ ಮಾವನವರಿಗೆ ಹೀಗಾದಾಗ ಬಾಯಿಗೆ ಸಕ್ಕರೆ ನೀರು ಹುಯ್ದಿದ್ದೆವು. ಸರಿನಾ?

ಉತ್ತರ: ಎಚ್ಚರ ಇದ್ದು ಸರಿಯಾಗಿ ನುಂಗುತ್ತಿದ್ದರೆ ಸರಿ. 3 ಚಮಚ ಸಕ್ಕರೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108 ಕರೆಯಿರಿ. ಬರುವಾಗ ಮಾತ್ರೆ ಡಬ್ಬಿ ಇದ್ದ ಹಾಗೇ ಎತ್ತಿಕೊಂಡು ಬನ್ನಿ. "ಬಿಳೀದು, ಗುಂಡಗೆ, ಸಣ್ಣದು ಡಾಕ್ಟ್ರೇ" ಅಂದರೆ ಅಂಥವು ನಮ್ಮ ಫಾರ್ಮಸಿಯಲ್ಲಿ ಒಂದು ಕಪಾಟು ತುಂಬ ಇವೆ.