ದುರ್ಗದಲ್ಲಿ ಕೂತು ಜಿನೀವಾ ಬಗ್ಗೆ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ಅಕ್ಕ, ನಮಸ್ತೆ. ಚಿತ್ರದುರ್ಗದಲ್ಲಿ ರಾಜ್ಯಶಾಸ್ತ್ರ ಎಂ.ಎ. ಕೊನೆ ವರ್ಷ ಓದುತ್ತಿದ್ದೇನೆ. ಊರು ಹೊಳಲ್ಕೆರೆ ಕಡೆ. ವಿಶ್ವಸಂಸ್ಥೆ, ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯೂಟಿಒ, ಹವಾಮಾನ ಒಪ್ಪಂದ, ಇವೆಲ್ಲ ಹೇಗೆ ನಡೆಯುತ್ತವೆ ಅನ್ನೋದರ ಮೇಲೆ ಪಿಎಚ್.ಡಿ. ಮಾಡುವ ಆಸೆ. ಡಬ್ಲ್ಯೂಟಿಒ ಕಚೇರಿ ಇರೋದು ಜಿನೀವಾದಲ್ಲಿ, ಇಲ್ಲಿ ಕೂತು ಅದರ ಬಗ್ಗೆ ಏನು ಬರೀತೀಯ, ಡೆಲ್ಲಿಗೆ ಹೋಗು ಅಂತಾರೆ ಎಲ್ಲರೂ. ಹೌದಾ?

ಉತ್ತರ: ಡೆಲ್ಲಿಗೆ ಆಮೇಲೆ ಹೋಗುವೆಯಂತೆ, ತಂಗಿ. ಮೊದಲು ಕೋಟೆ ಹತ್ತಿ ಸುತ್ತಲೂ ನೋಡು. ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವೆ ಅಲ್ವಾ? ನಮ್ಮ ಜಿಲ್ಲೆಯ ಅಂಥ ಕೆಲವು ಯೋಜನೆಗಳ ಹೆಸರು ವಿಶ್ವಸಂಸ್ಥೆಯ ದಾಖಲೆಯಲ್ಲಿದೆ.

1997ರಲ್ಲಿ ಹವಾಮಾನ ಬದಲಾವಣೆ ತಡೆಯೋಕೆ ಕ್ಯೋಟೋ ಒಪ್ಪಂದ ಆಯಿತು. ಅದರಲ್ಲಿ ಸಿಡಿಎಂ (ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ) ಅಂತ ಒಂದು ವ್ಯವಸ್ಥೆ. ಇಲ್ಲಿ ಗಾಳಿಯಿಂದ ಕರೆಂಟ್ ತಯಾರಾದರೆ ಅಷ್ಟು ಕಲ್ಲಿದ್ದಲು ಉರಿಯೋದು ತಪ್ಪಿತು ಅಂತ ಲೆಕ್ಕ. ತಪ್ಪಿದ ಒಂದೊಂದು ಟನ್ ಇಂಗಾಲದ ಡೈಆಕ್ಸೈಡಿಗೂ ಒಂದು ಕ್ರೆಡಿಟ್. ಅದನ್ನು ಯೂರೋಪಿನ ಕಂಪನಿಗಳು ಕೊಳ್ಳುತ್ತಿದ್ದವು. 2012ರ ಹೊತ್ತಿಗೆ ಅದರ ಬೆಲೆ ನೆಲಕಚ್ಚಿತು.

ಈ ಯೋಜನೆಗಳ ಕಾಗದಪತ್ರ ಹವಾಮಾನ ಒಪ್ಪಂದದ ಕಚೇರಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕಚೇರಿ ಇರುವುದು ಜರ್ಮನಿಯ ಬಾನ್‌ನಲ್ಲಿ. ಆ ಕಾಗದದಲ್ಲಿ ಊರಿನವರ ಅಭಿಪ್ರಾಯಕ್ಕೆ ಅಂತಲೇ ಒಂದು ಭಾಗ ಇರುತ್ತದೆ. ಸಭೆ ಹೇಗೆ ಕರೆದರು, ಜನ ಏನು ಕೇಳಿದರು ಅಂತ. ಅಂಥ ಒಂದು ಭಾಗ ಓದಿಕೊಂಡು ನಾನೊಮ್ಮೆ ಒಂದು ಹಳ್ಳಿಗೆ ಹೋಗಿದ್ದೆ. ಕಾಗದದಲ್ಲಿ ‘ಯಾರದೂ ತಕರಾರಿಲ್ಲ’ ಅಂತ ಒಂದೇ ಸಾಲು. ಅರಳಿಕಟ್ಟೆ ಮೇಲೆ ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವ ಅಜ್ಜ ಹೇಳಿದರು: “ಸಭೆ ಆಗಿತ್ತವ್ವ. ಕುರಿ ಗುಡ್ಡ ಹತ್ತೋ ದಾರಿ ಬಿಡ್ರಿ ಅಂತ ಕೇಳಿದ್ವಿ.”

ಆ ಮಾತು ಬಾನ್‌ವರೆಗೆ ಯಾಕೆ ಹೋಗಲಿಲ್ಲ? ಯಾರ ಕೈಯಲ್ಲಿ ನಿಂತಿತು? ನೀನು ಓದಬೇಕು ಅಂತಿರುವ ವಿಷಯ ಇದೇ. ಅಜ್ಜನನ್ನು ಮಾತಾಡಿಸೋಕೆ ಹೊರಗಿನಿಂದ ಬಂದವರಿಗೆ ದುಭಾಷಿ ಬೇಕು. ನಿನಗೆ ಬೇಡ.

ಹಳೇ ಕಥೆ ಅಂತ ಬಿಡಬೇಡ. ಕ್ಯೋಟೋ ನಂತರ 2015ರಲ್ಲಿ ಆದ ಪ್ಯಾರಿಸ್ ಹವಾಮಾನ ಒಪ್ಪಂದದ 6ನೇ ವಿಧಿಯಲ್ಲಿ ಇದೇ ಥರದ ಹೊಸ ಮಾರುಕಟ್ಟೆ ಬರುತ್ತಿದೆ. 2024ರ ನವೆಂಬರಿನಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ನಡೆದ ಹವಾಮಾನ ಸಮಾವೇಶದಲ್ಲಿ ಅದರ ನಿಯಮಗಳಿಗೆ ಒಪ್ಪಿಗೆ ಸಿಕ್ಕಿತು. ಹಿಂದಿನ ಸಲ ಏನು ತಪ್ಪಿತು ಅಂತ ಊರಿನ ಮಟ್ಟದಲ್ಲಿ ಹೇಳಬಲ್ಲವರು ಈಗ ಬೇಕು.

ಪ್ರಶ್ನೆ: ಮೇಡಂ, ನಾನು ದಾವಣಗೆರೆ. ಮಗಳು ಬಿ.ಎ. ಓದುತ್ತಿದ್ದಾಳೆ. ಒಬ್ಬರು ಫೋನ್ ಮಾಡಿ ವಿಶ್ವಸಂಸ್ಥೆಯಲ್ಲಿ ಇಂಟರ್ನ್‌ಷಿಪ್ ಕೊಡಿಸ್ತೀವಿ, ರಿಜಿಸ್ಟ್ರೇಷನ್ ಫೀ ಕಟ್ಟಿ ಅಂತಿದ್ದಾರೆ. ಕಟ್ಟಬಹುದಾ?

ಉತ್ತರ: ದಯವಿಟ್ಟು ಒಂದು ರೂಪಾಯಿನೂ ಕಟ್ಟಬೇಡಿ, ಅಣ್ಣಾ. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ದುಡ್ಡು ಕೇಳೋದಿಲ್ಲ. ಕೇಳಿದರು ಅಂದರೆ ಅದು ಮೋಸವೇ.

ನಿಜವಾದ ಇಂಟರ್ನ್‌ಷಿಪ್ಪಿನ ಬಗ್ಗೆಯೂ ತಿಳಿದಿರಲಿ. ವಿಶ್ವಸಂಸ್ಥೆಯ ಮುಖ್ಯ ಸಚಿವಾಲಯದಲ್ಲಿ ಇಂಟರ್ನ್‌ಗಳಿಗೆ ಸಂಬಳ ಇಲ್ಲ. ನ್ಯೂಯಾರ್ಕ್, ಜಿನೀವಾದಲ್ಲಿ ಬಾಡಿಗೆ, ಊಟ ಎಲ್ಲ ನಮ್ಮದೇ. ಇದರಿಂದ ನಮ್ಮಂಥ ಮನೆಯ ಮಕ್ಕಳಿಗೆ ಬಾಗಿಲು ಮುಚ್ಚಿದ ಹಾಗೇ ಆಗುತ್ತದೆ. ಇದು ಸರಿಯಲ್ಲ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾರ್ಮಿಕ ಸಂಸ್ಥೆ ಐಎಲ್‌ಒ, ಆರೋಗ್ಯ ಸಂಸ್ಥೆ ಡಬ್ಲ್ಯೂಎಚ್‌ಒ ಭತ್ಯೆ ಕೊಡುತ್ತವೆ. ಮಗಳಿಗೆ 18 ತುಂಬಿದ್ದರೆ ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆಗೆ ಹೆಸರು ಹಾಕಲಿ. ಮನೆಯಿಂದಲೇ ಅನುವಾದ, ಬರವಣಿಗೆ ಕೆಲಸ ಮಾಡಬಹುದು. ದುಡ್ಡು ಬರೋದಿಲ್ಲ, ಖರ್ಚೂ ಇಲ್ಲ.

ಪ್ರಶ್ನೆ: ನಾನು ಹತ್ತನೇವರೆಗೆ ಕನ್ನಡ ಮೀಡಿಯಂ, ಮೇಡಂ. ವಯಸ್ಸು 27. ಈ ಫೀಲ್ಡಿಗೆ ಬರೋದು ತಡ ಆಯ್ತಾ?

ಉತ್ತರ: ಇಲ್ಲ ತಮ್ಮಾ. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯಸ್ಸಿನ ಮಿತಿ 32. ಆದರೆ ಯಾವ ದೇಶದವರು ಬರೆಯಬಹುದು ಅನ್ನೋ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಅದನ್ನೇ ನಂಬಿ ಕೂರಬೇಡಿ. ಕೆಲಸ ಇಲ್ಲೂ ಇದೆ. ಡೆಲ್ಲಿಯ ಆರ್‌ಐಎಸ್ ಅನ್ನೋ ನೀತಿ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಪಬ್ಲಿಕ್ ಪಾಲಿಸಿ ಸಂಸ್ಥೆಗಳು ಸಂಶೋಧಕರನ್ನು ತೆಗೆದುಕೊಳ್ಳುತ್ತವೆ. ಓದಬೇಕು ಅಂದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಕೋರ್ಸ್ ಇದೆ. ಎರಡು ವರ್ಷ ಕೆಲಸ ಮಾಡಿದ್ದರೆ ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಷಿಪ್ಪಿಗೆ ಅರ್ಜಿ ಹಾಕಬಹುದು.

ಇಂಗ್ಲಿಷ್ ಭಯ ನನಗೂ ಇತ್ತು. ಹೋಗಿದ್ದು ಬರೆದು ಬರೆದು. ವಾರಕ್ಕೊಂದು ವಿಷಯ ಹಿಡಿದು ಎರಡೇ ಪುಟ ಬರೆಯಿರಿ. ಮೆಕ್ಕೆಜೋಳದ ಆಮದು ಸುಂಕವನ್ನೇ ತಗೊಳ್ಳಿ. ಯಾರು ನಿರ್ಧಾರ ಮಾಡುತ್ತಾರೆ, ಡಬ್ಲ್ಯೂಟಿಒದಲ್ಲಿ ಭಾರತ ಏನು ಒಪ್ಪಿದೆ, ಸುಂಕ ಇಳಿದರೆ ದಾವಣಗೆರೆ ಎಪಿಎಂಸಿಯಲ್ಲಿ ಯಾರಿಗೆ ಪೆಟ್ಟು, ಕೋಳಿ ಫಾರಂನವರಿಗೆ ಏನು ಲಾಭ. ಮೊದಲು ಕನ್ನಡದಲ್ಲಿ ಯೋಚನೆ ಮಾಡಿ ಬರೆದು, ಆಮೇಲೆ ಇಂಗ್ಲಿಷಿಗೆ ತನ್ನಿ. ಸಂದರ್ಶನದಲ್ಲಿ ಅಂಥ ನಾಲ್ಕು ಬರಹ ತೋರಿಸಿದರೆ ಅಂಕಪಟ್ಟಿಗಿಂತ ಜಾಸ್ತಿ ತೂಕ.

ಮೊದಲ ಪ್ರಶ್ನೆ ಕೇಳಿದವರಿಂದ: ಅಕ್ಕ, ನಮ್ಮ ಸೋದರಮಾವನ ಹೊಲದ ಪಕ್ಕದ ಗುಡ್ಡದಲ್ಲೇ ಫ್ಯಾನುಗಳಿವೆ! ಈ ಭಾನುವಾರ ಹೋಗ್ತೀನಿ. ಏನು ಕೇಳಲಿ?

ಉತ್ತರ: ಮೊದಲು ಆ ಯೋಜನೆ ಬಾನ್ ಕಚೇರಿಯ ವೆಬ್‌ಸೈಟಿನ ಸಿಡಿಎಂ ಪಟ್ಟಿಯಲ್ಲಿದೆಯಾ ಅಂತ ಹುಡುಕು. ಇದ್ದರೆ ಊರಿನವರ ಅಭಿಪ್ರಾಯದ ಪುಟ ಪ್ರಿಂಟ್ ತೆಗೆದುಕೊಂಡು ಹೋಗು. ಏನೂ ಕೇಳಬೇಡ. ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳು. ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊ. ಸಂಜೆ ನನಗೆ ಫೋನ್ ಮಾಡು.