ಕಥೆಯಲ್ಲಿ ಹೊಡೆದಾಟ: ಯಾರು ಯಾರಿಗೆ ಹೊಡೆದರೆಂದೇ ಓದುಗರಿಗೆ ತಿಳಿಯುತ್ತಿಲ್ಲ

ಪ್ರಶ್ನೆ: ಮಲ್ಪೆಯ ಹೊಸ ಕಥೆಗಾರ

ನಾನು ಬರೆಯುತ್ತಿರುವ ನೀಳ್ಗತೆಯ ನಡುವೆ ಮಲ್ಪೆ ಬಂದರಿನಲ್ಲಿ ಒಂದು ಹೊಡೆದಾಟ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ವಾರ, ಬೆಳಗಿನ ಏಲಂ ನಡೆಯುತ್ತಿರುವಾಗಲೇ, ಹಿಂದಿನ ಋತುವಿನ ಪಾಲು ಕೈಗೆ ಬಾರದ ವಾಸು ಎಂಬ ಕಲಾಸಿ (ಬೋಟಿನ ಕೆಲಸಗಾರ), ಬೋಟಿನ ಲೆಕ್ಕ ಬರೆಯುವ ಶೇಖರನನ್ನು ಅಡ್ಡಗಟ್ಟುತ್ತಾನೆ. ಎರಡೂವರೆ ಪುಟಗಳಷ್ಟು ಹೊಡೆದಾಟವಿದೆ. ಓದಿದ ಇಬ್ಬರು ಗೆಳೆಯರಿಗೂ ಯಾರು ಯಾರಿಗೆ ಹೊಡೆದರೆಂದು ತಿಳಿಯಲಿಲ್ಲವಂತೆ. ಅವರಲ್ಲೊಬ್ಬರು ಆ ಪುಟಗಳನ್ನು ಹಾರಿಸಿ ಕೊನೆಗೆ ಗೆದ್ದವರಾರು ಎಂದು ಮಾತ್ರ ನೋಡಿದೆನೆಂದು ಸಂಕೋಚವಿಲ್ಲದೆ ಹೇಳಿದರು. ಒಂದು ತುಣುಕನ್ನು ಇಲ್ಲಿ ಕೊಡುತ್ತಿದ್ದೇನೆ.

"ಅವನು ಅವನ ಅಂಗಿಯ ಕಾಲರನ್ನು ಹಿಡಿದು, ಎಳೆದು, ಮುಷ್ಟಿಯಿಂದ ಬಲವಾಗಿ ಮುಖಕ್ಕೆ ಗುದ್ದಿದನು. ಅವನು ತಪ್ಪಿಸಿಕೊಂಡು, ಹಿಂದಕ್ಕೆ ಸರಿದು, ಕಾಲಿನಿಂದ ಅವನ ಹೊಟ್ಟೆಗೆ ಒದ್ದನು. ಧಡಾರ್! ಅವನು ಮೀನಿನ ಬುಟ್ಟಿಗಳ ಮೇಲೆ ಬಿದ್ದನು. ಮಚ್ಚನ್ನು ಕೈಗೆತ್ತಿಕೊಂಡನು."

ದೋಷ ಎಲ್ಲಿದೆಯೆಂದು ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕ, ಮಂಗಳೂರು

ನಿಮ್ಮ ನಾಲ್ಕೈದು ವಾಕ್ಯಗಳಲ್ಲಿ "ಅವನು", "ಅವನ" ಎಂಬ ರೂಪಗಳು ಐದು ಬಾರಿ ಬಂದಿವೆ, ಮತ್ತು ಅವು ಇಬ್ಬರಿಗೂ ಸಲ್ಲುತ್ತವೆ. ಆದರೆ ಈ ತೊಡಕಿಗೆ ಪರಿಹಾರವನ್ನು ಕನ್ನಡವೇ ಇಟ್ಟುಕೊಂಡಿದೆ. ನಮಗೆ "ಅವನು" ಇರುವಂತೆಯೇ "ಇವನು" ಸಹ ಇದ್ದಾನೆ. ಯಾರ ಕಣ್ಣಿನಿಂದ ಹೊಡೆದಾಟವನ್ನು ಕಾಣಿಸುತ್ತೀರೋ ಅವನನ್ನು ಉದ್ದಕ್ಕೂ "ಇವನು" ಎಂದೂ ಎದುರಾಳಿಯನ್ನು "ಅವನು" ಎಂದೂ ಕರೆಯುತ್ತ ಹೋದರೆ, ಹೆಸರುಗಳನ್ನು ಪದೇ ಪದೇ ಹೇಳದೆಯೂ ಓದುಗನು ದಾರಿ ತಪ್ಪುವುದಿಲ್ಲ. ಅಷ್ಟೇ ಅಲ್ಲ, ಅವನು ತನಗರಿವಿಲ್ಲದೆಯೇ ವಾಸುವಿನ ಪಕ್ಕದಲ್ಲಿ ಹೋಗಿ ನಿಂತಿರುತ್ತಾನೆ.

ಎರಡನೆಯದು ಕ್ರಿಯಾಪದಗಳ ವಿಚಾರ. "ಗುದ್ದು" ಎಂಬ ಮಾತಿನೊಳಗೆ ಮುಷ್ಟಿ ಇದೆ, "ಒದೆ" ಎಂಬುದರೊಳಗೆ ಕಾಲಿದೆ, ಕೆನ್ನೆಗೆ "ಬಾರಿಸಿದ" ಎಂದರೆ ಅಂಗೈ ಕಣ್ಣಿಗೆ ಕಟ್ಟುತ್ತದೆ. ಹಾಗಿರುವಾಗ "ಮುಷ್ಟಿಯಿಂದ ಗುದ್ದಿದನು", "ಕಾಲಿನಿಂದ ಒದ್ದನು" ಎಂದು ಬರೆಯುವುದು ಉಪ್ಪು ಹಾಕಿದ ಗಂಜಿಗೆ ಮತ್ತೆ ಉಪ್ಪು ಹಾಕಿದಂತೆ. ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೆಂದರೆ "ಹಿಡಿದು, ಎಳೆದು, ಸರಿದು" ಎಂಬ ಸರಪಳಿ. ಕನ್ನಡದ ವಾಕ್ಯದಲ್ಲಿ ಪೂರ್ಣ ಕ್ರಿಯಾಪದವು ಕೊನೆಗೆ ಬರುವುದರಿಂದ ಅದಕ್ಕೆ ಮುಂಚಿನ ಕೆಲಸಗಳೆಲ್ಲ ಅದಕ್ಕೆ ಸಿದ್ಧತೆಯಂತೆ ಕೇಳಿಸುತ್ತವೆ. ಆದುದರಿಂದ ಹೊಡೆತ ಬೀಳುವವರೆಗಿನ ಚಲನೆಯನ್ನು ಸರಪಳಿಯಲ್ಲಿ ಕಟ್ಟಿ, ಹೊಡೆತವನ್ನು ಮಾತ್ರ ಎರಡೇ ಪದಗಳ ಬೇರೆ ವಾಕ್ಯವಾಗಿ ಬಿಡಿ.

"ಧಡಾರ್" ಇರಲಿ ಬಿಡಲಿ, ನನಗೆ ಅಂತಹ ಆಕ್ಷೇಪವಿಲ್ಲ. ಆದರೆ ನಮ್ಮ ಮಲ್ಪೆಯಲ್ಲಿ "ಮಚ್ಚು" ಎಲ್ಲಿಂದ ಬಂತು? ಅದು ಘಟ್ಟದ ಮೇಲಿನ ಮಾತು, ಸಿನಿಮಾದ ಮೂಲಕ ಇಳಿದದ್ದು. ಇಲ್ಲಿನವರ ಕೈಯಲ್ಲಿರುವುದು ಕತ್ತಿ.

ಉತ್ತರ 2: ನಿವೃತ್ತ ದಾದಿ

ಮಂಗಳೂರಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾದ ನನಗೆ ಕಥೆಗಳ ಹೊಡೆದಾಟಗಳನ್ನು ಓದುವಾಗ ನಗು ಬರುತ್ತದೆ, ಏಕೆಂದರೆ ಅಲ್ಲಿ ಹೊಡೆದವನಿಗೆ ಏನೂ ಆಗಿರುವುದಿಲ್ಲ. ಬರಿಗೈಯಿಂದ ತಲೆಗೋ ದವಡೆಗೋ ಗುದ್ದಿದವನ ಕಿರುಬೆರಳಿನ ಬುಡದ ಅಂಗೈ ಮೂಳೆ ಮುರಿಯುವುದು ತೀರ ಸಾಮಾನ್ಯ. ಎದುರಾಳಿಯ ಹಲ್ಲು ತಾಗಿ ಬೆರಳಿನ ಗೆಣ್ಣಿನ ಮೇಲೆ ಆಗುವ ಸಣ್ಣ ಗಾಯವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಬಾಯಿಯ ರೋಗಾಣುಗಳು ಒಳಹೊಕ್ಕು, ಒಂದೆರಡು ದಿನಗಳಲ್ಲಿ ಕೈ ಊದಿಕೊಂಡು ಬೆರಳು ಮಡಚಲಾಗದೆ ಬಂದಾಗಲೇ ಅದರ ನೆನಪಾಗುತ್ತದೆ.

ತಲೆಗೆ ಪೆಟ್ಟು ಬಿದ್ದು ಒಂದು ಗಂಟೆ ಎಚ್ಚರತಪ್ಪಿದ ನಾಯಕನು ಎದ್ದು ಓಡುವುದನ್ನು ದಯವಿಟ್ಟು ಬರೆಯಬೇಡಿ. ಕೆಲವೇ ನಿಮಿಷ ಎಚ್ಚರ ತಪ್ಪಿದರೂ ಅದು ಗಂಭೀರ ವಿಷಯ. ಎದ್ದವನು ವಾಂತಿ ಮಾಡುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. ಜಗಳದಲ್ಲಿ ತಲೆಗೆ ಏಟು ತಿಂದು ಬಂದ ಒಬ್ಬ ಹುಡುಗ ಹೊಲಿಗೆ ಹಾಕಿ ಮುಗಿಯುವವರೆಗೂ "ನನ್ನ ಚಪ್ಪಲಿ ಎಲ್ಲಿ ಸಿಸ್ಟರ್?" ಎಂದು ಕೇಳುತ್ತಲೇ ಇದ್ದ. ಪ್ರತಿಸಲ ನಾನು ಮಂಚದ ಕೆಳಗಿದ್ದ ಚಪ್ಪಲಿಯನ್ನು ತೋರಿಸುತ್ತಿದ್ದೆ, ಪ್ರತಿಸಲವೂ ಅವನು ಮೊದಲ ಬಾರಿ ಕಂಡವನಂತೆ ಸಮಾಧಾನಪಡುತ್ತಿದ್ದ. ಹೊಡೆದಾಟದ ಹೊತ್ತಿನಲ್ಲಿ ನೋವು ಅಷ್ಟಾಗಿ ತಿಳಿಯುವುದಿಲ್ಲ. ಮುಗಿದ ಮೇಲೆ ಕೈ ಎಷ್ಟು ನಡುಗುತ್ತದೆಂದರೆ ನೀರಿನ ಲೋಟ ಹಿಡಿಯಲಾಗುವುದಿಲ್ಲ. ನಿಮ್ಮ ಎರಡೂವರೆ ಪುಟಗಳಲ್ಲಿ ಅರ್ಧವನ್ನು ಅದಕ್ಕೆ ಮೀಸಲಿಟ್ಟರೆ ಚೆನ್ನು.

ಉತ್ತರ 3: ತಾಳಮದ್ದಳೆಯ ಹವ್ಯಾಸಿ, ಉಡುಪಿ

ಮಾಷ್ಟ್ರು ಹೇಳಿದ ವ್ಯಾಕರಣವನ್ನು ನಾನು ಒಪ್ಪುತ್ತೇನೆ, ಆದರೆ ರೋಗದ ಬೇರು ಅಲ್ಲಿಲ್ಲವೆಂದು ನನ್ನ ಅಭಿಪ್ರಾಯ. ಯಕ್ಷಗಾನದಲ್ಲಿ "ಕಾಳಗ" ಎಂದು ಕೊನೆಗೊಳ್ಳುವ ಪ್ರಸಂಗಗಳು ಎಷ್ಟೊಂದಿವೆ! ರಂಗದಲ್ಲಾದರೆ ಭಾಗವತರು ಏರುಪದ ಎತ್ತಿದೊಡನೆ ಚೆಂಡೆ ಬಿರುಸಾಗುತ್ತದೆ, ತೆಂಕುತಿಟ್ಟಿನವರು ಗಾಳಿಯಲ್ಲಿ ಸುತ್ತುತ್ತ ಜಿಗಿದು ಧೀಂಗಿಣ ಹೊಡೆಯುತ್ತಾರೆ, ಬಡಗುತಿಟ್ಟಿನವರು ಮೊಣಕಾಲ ಮೇಲೆ ಗಿರಗಿರನೆ ತಿರುಗುತ್ತ ಮಂಡಿ ಹಾಕುತ್ತಾರೆ, ಪ್ರೇಕ್ಷಕರು ನಿದ್ದೆಯಿಂದೇಳುತ್ತಾರೆ. ಅದೇ ಪ್ರಸಂಗ ತಾಳಮದ್ದಳೆಗೆ ಬಂದಾಗ ವೇಷವಿಲ್ಲ, ಕುಣಿತವಿಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳಿಬ್ಬರು ಕುಳಿತಲ್ಲಿಂದ ಏಳದೆಯೇ ಯುದ್ಧ ಮಾಡಬೇಕು. ಕಥೆಗಾರನ ಪರಿಸ್ಥಿತಿ ಎರಡನೆಯದು. ನೀವು ಕಾಗದದ ಮೇಲೆ ಧೀಂಗಿಣ ಹೊಡೆಯಲು ಹೊರಟಿದ್ದೀರಿ.

ಕುಳಿತ ಯುದ್ಧವನ್ನು ಜನರು ತಾಸುಗಟ್ಟಲೆ ಏಕೆ ಕೇಳುತ್ತಾರೆ? ಇಬ್ಬರ ನಡುವೆ ಏನೋ ಒಂದು ಪಣವಿದೆ, ಮತ್ತು ಪ್ರತಿಯೊಂದು ಮೂದಲಿಕೆಯೂ ಆ ಪಣವನ್ನು ಈಚೆಗೋ ಆಚೆಗೋ ಜರುಗಿಸುತ್ತದೆ. ನಿಮ್ಮ ತುಣುಕಿನಲ್ಲಿ ಕಾಲರು, ಹೊಟ್ಟೆ, ಬುಟ್ಟಿ ಎಲ್ಲವೂ ಇವೆ, ಪಾಲಿನ ಹಣ ಮಾತ್ರ ಎಲ್ಲಿಯೂ ಇಲ್ಲ. ವಾಸುವಿಗೆ ಬೇಕಾದದ್ದು ಶೇಖರನ ಮುಖವೋ, ಶೇಖರನ ಕೈಯಲ್ಲಿರುವ ಲೆಕ್ಕದ ಪುಸ್ತಕವೋ? ಅದನ್ನು ನಿರ್ಧರಿಸಿದರೆ ಯಾವ ಕೈ ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಇನ್ನೊಂದು ಮಾತು: ಬಂದರಿನಲ್ಲಿ ಕೋಪ ಬಂದವನು ಗ್ರಾಂಥಿಕ ಕನ್ನಡದಲ್ಲಿ ಬೈಯುವುದಿಲ್ಲ. ಬೈಗುಳವನ್ನೆಲ್ಲ ತುಳುವಿನಲ್ಲಿ ಕೊಟ್ಟರೆ ಹೊರಗಿನ ಓದುಗನಿಗೆ ಕಷ್ಟವಾದೀತು. ಆದರೆ ಸಂದರ್ಭದಿಂದಲೇ ಅರ್ಥವಾಗುವ ಒಂದೆರಡು ಮಾತುಗಳನ್ನು ತುಳುವಿನಲ್ಲೇ ಉಳಿಸಿಕೊಳ್ಳಿ, ಅರ್ಥವನ್ನು ಆವರಣದಲ್ಲಿ ಕೊಡಬೇಡಿ.

ಉತ್ತರ 4: ವಕೀಲ

ಹೊಡೆದಾಟದ ನಂತರ ಠಾಣೆಯ ದೃಶ್ಯವಿದ್ದರೆ ಕಥೆಯ ಕಾಲವನ್ನು ನೋಡಿಕೊಳ್ಳಿ. 2024ರ ಜುಲೈ 1ಕ್ಕಿಂತ ಮೊದಲಿನ ಘಟನೆಯಾದರೆ ಗಾಯಗೊಳಿಸಿದ್ದಕ್ಕೆ ಭಾರತೀಯ ದಂಡ ಸಂಹಿತೆಯ 323ನೇ ಕಲಂ. ಅನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 115(2). ಎರಡರಲ್ಲಿಯೂ ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯವೇ, ಶಿಕ್ಷೆಯೂ ಹೆಚ್ಚು. "ಎರಡು ಹಲ್ಲು ಉದುರಿದವು" ಎಂದು ಕಥೆಗಾರರು ಸಲೀಸಾಗಿ ಬರೆದುಬಿಡುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಕತ್ತಿಯನ್ನು ತೆಗೆದುಹಾಕಿದ್ದೇನೆ, ಅದು ಬಂದ ಮೇಲೆ ಪಾಲಿನ ಮಾತಿಗೆ ಜಾಗವೇ ಉಳಿಯುತ್ತಿರಲಿಲ್ಲ. ಎರಡೂವರೆ ಪುಟಗಳು ಮುಕ್ಕಾಲು ಪುಟಕ್ಕೆ ಇಳಿದಿವೆ. ಈಗ ಹೀಗಿದೆ (ಇದರಲ್ಲಿ ಬರುವ 'ಬಲ, ತೂಕ' ತುಳು ಮಾತು, 'ಬಾ, ನೋಡೋಣ' ಎಂದು):

"ಶೇಖರ ಪುಸ್ತಕ ಮುಚ್ಚಿದ. ಇವನು ಅದರ ಮೇಲೆ ಕೈಯಿಟ್ಟ. 'ಬಲ, ತೂಕ' ಎಂದ ಶೇಖರ, ಪುಸ್ತಕವನ್ನು ಬಿಡದೆ. ಬಂಗುಡೆಯ ಏಲಂ ಕೂಗುತ್ತಿದ್ದವನು ಇತ್ತ ನೋಡಿದರೂ ಕೂಗುವುದನ್ನು ನಿಲ್ಲಿಸಲಿಲ್ಲ. ಇವನು ಎಡಗೈಯಲ್ಲಿ ಪುಸ್ತಕವನ್ನು ಹಿಡಿದೆಳೆದು, ಅದು ಬಾರದಿರಲು ಬಲಗೈಯನ್ನು ಹಿಂದಕ್ಕೆ ತಂದು, ಒಮ್ಮೆ ಉಸಿರೆಳೆದುಕೊಂಡ. ಗುದ್ದಿದ. ಅವನು ತಲೆ ತಗ್ಗಿಸಿದ್ದರಿಂದ ಏಟು ಹಣೆಗೆ ತಾಗಿತು. ಪುಸ್ತಕ ಐಸಿನ ನೀರಿನಲ್ಲಿ ಬಿದ್ದಿತು. ಶಾಯಿ ಹರಡುವುದನ್ನು ಇಬ್ಬರೂ ನೋಡಿದರು. ಬಗ್ಗಿ ಎತ್ತಿಕೊಳ್ಳಲು ಇಬ್ಬರಿಗೂ ಧೈರ್ಯ ಬರಲಿಲ್ಲ."

ಉತ್ತರ 2ರ ದಾದಿ:

ಈಗ ನನಗೆ ಎಲ್ಲವೂ ಕಾಣುತ್ತಿದೆ. ಹಣೆಯ ಮೂಳೆ ಗಟ್ಟಿ, ಆದುದರಿಂದ ವಾಸುವಿನ ಬಲಗೈಗೆ ಏನಾದರೂ ಆಗಿಯೇ ಇರುತ್ತದೆ. ಮುಂದಿನ ಪುಟದಲ್ಲಿ ಅವನು ಅದೇ ಕೈಯಿಂದ ಬಲೆ ಎಳೆಯುತ್ತಿದ್ದಾನೆಯೇ, ಒಮ್ಮೆ ನೋಡಿಕೊಳ್ಳಿ.