ಪದ ಬೇಕಿದೆ: ಸ್ಟನ್ ಗನ್, ಟೇಸರ್, ಶಾಕ್ ಲಾಠಿ

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಓದಲು ಬರುವ ಹುಡುಗಿಯರಿಗಾಗಿ ನಮ್ಮ ಕನ್ನಡ ಕೂಟ ಒಂದು ಕೈಪಿಡಿ ತರುತ್ತಿದೆ. ಊರಲ್ಲಿರುವ ಅಪ್ಪ ಅಮ್ಮಂದಿರೂ ಓದಲಿ ಅಂತ ಕನ್ನಡದಲ್ಲಿ. ಆತ್ಮರಕ್ಷಣೆಯ ಸಾಧನಗಳ ಪುಟ ನನ್ನದು, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸ್ಟನ್ ಗನ್ನನ್ನು ಮೈಗೆ ಒತ್ತಿ ಹಿಡಿಯಬೇಕು. ಟೇಸರ್‌ನಿಂದ ತಂತಿ ಕಟ್ಟಿದ ಎರಡು ಮುಳ್ಳುಗಳು ಹಾರಿ ಚುಚ್ಚಿಕೊಳ್ಳುತ್ತವೆ, ಜನ ಕೊಳ್ಳುವ ಮಾದರಿಯಲ್ಲಿ ಸುಮಾರು 15 ಅಡಿ ದೂರಕ್ಕೆ. ಮೂರನೆಯದು ಶಾಕ್ ಕೊಡುವ ಲಾಠಿ. ಮೊದಲ ಕರಡಿನಲ್ಲಿ ಮೂರಕ್ಕೂ 'ವಿದ್ಯುದಾಘಾತ ಬಂದೂಕು' ಅಂತಿದೆ. ಏನು ಬರೆಯಲಿ?

ಉತ್ತರ:
ವಿದ್ಯುದಾಘಾತ ಬೇಡವೇ ಬೇಡ. ಮಿಂಚು ಇರುವಾಗ ವಿದ್ಯುತ್ ಯಾಕೆ? ಇ-ಮೇಲ್‌ಗೆ 'ಮಿಂಚೆ' ಬಳಕೆಗೆ ಬಂದಿಲ್ಲವೇ? ಬಂದೂಕು ಅರಬ್ಬಿ ಕಡೆಯಿಂದ ಬಂದದ್ದು, ನಮ್ಮದು ಕೋವಿ. 'ಮಿಂಗೋವಿ' ಅನ್ನಿ. ತಮಿಳರು ವಿದ್ಯುತ್ತಿಗೆ ಮಿನ್ಸಾರ ಅಂತ ಯಾವತ್ತೋ ಮಾಡಿಕೊಂಡರು, ನಾವಿನ್ನೂ ಸಂಸ್ಕೃತದ ಬಾಗಿಲಲ್ಲೇ ನಿಂತಿದ್ದೇವೆ.

ಉತ್ತರ:
ಮಿನ್ಸಾರದ 'ಸಾರ'ವೂ ಸಂಸ್ಕೃತದ್ದೇ. ಅದಿರಲಿ.

ಮಿಂಗೋವಿ ಕೇಳಲು ಚೆನ್ನಾಗಿದೆ, ಆದರೆ ಸ್ಟನ್ ಗನ್ನಿಗೆ ಅದು ಅಪಾಯದ ಹೆಸರು. ಕೋವಿ ಅಂದ ಕೂಡಲೇ ಓದುವವಳಿಗೆ ದೂರದಿಂದ ಹೊಡೆಯಬಹುದು ಅನಿಸುತ್ತದೆ. ಇದರಲ್ಲಿ ಹಾಗಾಗುವುದಿಲ್ಲ. ಮೈಮೇಲೆ ಬರುವವನ ಕೈಗೆ ಸಿಗುವಷ್ಟು ಹತ್ತಿರ ಹೋಗಬೇಕು, ಒತ್ತಿ ಹಿಡಿದೇ ಇರಬೇಕು. ಅದರ ಎರಡು ಮೊನೆಗಳ ನಡುವೆ ಇರುವುದು ಎರಡು ಮೂರು ಬೆರಳಗಲ ಜಾಗ. ಅಷ್ಟೇ ಜಾಗದಲ್ಲಿ ನೋವು. ಅವನು ಕೊಸರಿಕೊಂಡರೆ ಮುಗಿಯಿತು. ಟೇಸರ್ ಮುಳ್ಳುಗಳು ಹಾರುತ್ತಾ ದೂರ ದೂರ ಆಗುತ್ತವೆ. ಒಂದು ಎದೆಗೆ, ಇನ್ನೊಂದು ತೊಡೆಗೆ ಬಿದ್ದರೆ ನಡುವಿನ ಸ್ನಾಯುಗಳೆಲ್ಲ ಬಿಗಿದುಕೊಂಡು ಆಳು ಉರುಳುತ್ತಾನೆ. ಜನ ಕೊಳ್ಳುವ ಮಾದರಿ 30 ಸೆಕೆಂಡು ಕರೆಂಟ್ ಹರಿಸುವುದು, ಅದನ್ನು ಅಲ್ಲೇ ಬಿಟ್ಟು ಓಡಲಿ ಅಂತ. ದಪ್ಪ ಜಾಕೆಟ್ಟಿಗೆ ಒಂದು ಮುಳ್ಳು ಸಿಕ್ಕಿಕೊಂಡರೆ ಕೆಲಸ ಕೆಡಬಹುದು, ಅದನ್ನೂ ಬರೆಯಿರಿ.

ಹೋಲಿಕೆಯ ಪಟ್ಟಿಯಲ್ಲಿ ವೋಲ್ಟ್ ಕಾಲಂ ಇದ್ದರೆ ದಯವಿಟ್ಟು ತೆಗೆದುಹಾಕಿ. ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಹೆಚ್ಚುಕಡಿಮೆ 30,000 ವೋಲ್ಟ್ ಬೇಕು. ಡಬ್ಬಿ ಮೇಲೆ 'ಹತ್ತು ಲಕ್ಷ ವೋಲ್ಟ್' ಅಂತ ಬರೆದಿರುತ್ತಾರೆ. ಅದು ನಿಜವಾದರೆ ಕಿಡಿ ಒಂದಡಿ ಹಾರಬೇಕು. ಪೊಲೀಸರ ಹಳೆಯ ಎಕ್ಸ್26 ಟೇಸರ್ ಗಾಳಿಯಲ್ಲಿ 50,000 ವೋಲ್ಟ್ ಅಂದರೂ ಮೈಗೆ ಮುಟ್ಟುವುದು ಸುಮಾರು 1,200. ಆಳನ್ನು ಉರುಳಿಸಿದ್ದು ಅದೇ.

ಇನ್ನು ಪದ. ಊರಲ್ಲಿ ಯಾರೂ 'ನನಗೆ ವಿದ್ಯುದಾಘಾತವಾಯಿತು' ಅನ್ನುವುದಿಲ್ಲ. ಶಾಕ್ ಹೊಡೀತು, ಕರೆಂಟ್ ಹೊಡೀತು ಅಂತಾರೆ. ಹಾಗಾಗಿ: ಒತ್ತಿ ಹಿಡಿಯುವ ಶಾಕ್ ಯಂತ್ರ, ತಂತಿ ಹಾರಿಸುವ ಶಾಕ್ ಪಿಸ್ತೂಲು, ಶಾಕ್ ಲಾಠಿ. ಟೇಸರ್ ಒಂದು ಕಂಪನಿಯ ಬ್ರ್ಯಾಂಡ್. ಅಂಗಡಿಯಲ್ಲಿ ಕೇಳಲು ಬೇಕಾಗುತ್ತದೆ, ಪಕ್ಕದಲ್ಲಿ ಹಾಕಿ.

ಉತ್ತರ:
ಶಾಕ್, ಪಿಸ್ತೂಲು, ಲಾಠಿ. ಮೂರರಲ್ಲಿ ಒಂದೂ ಕನ್ನಡವಲ್ಲ. ಲಾಠಿಗೆ ದೊಣ್ಣೆ ಇಲ್ಲವೇ? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಉತ್ತರ:
ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಅಂದರೆ ಕೋವಿಯೇ, ಗುಂಡು ಹಾರುವುದು. ಕೈಲ್ ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆ ಮಾಡುತ್ತೇವೆ. ಮಗಳ ಕೈಪಿಡಿಯಲ್ಲಿ ಆ ಪದ ಕಂಡರೆ ಕಾಲೇಜಿಗೆ ಗುಂಡು ತುಂಬಿಕೊಂಡು ಹೋಗಬೇಕೇನೋ ಅಂದುಕೊಳ್ಳುತ್ತೇವೆ. ಅದನ್ನು ಬೇರೆ ವಸ್ತುವಿಗೆ ಅಂಟಿಸಬೇಡಿ.

ಎರವಲು ಬಗ್ಗೆ: ಲಾಠಿ ಏಟು ತಿಂದ ಊರಿನವರೆಲ್ಲ ಅದನ್ನು ಲಾಠಿ ಅಂತಲೇ ಕರೆದರು. ದೊಣ್ಣೆ ಯಾರ ಕೈಯಲ್ಲಾದರೂ ಇರಬಹುದು, ಲಾಠಿ ಪೊಲೀಸರ ಕೈಯದು. ಎರಡೂ ಬೇಕು. ಒಂದನ್ನು ಹೊರಗೆ ಹಾಕಿದರೆ ಬಡವಾಗುವುದು ಕನ್ನಡವೇ.

ಉತ್ತರ:
ಇದು ಸೋಮಾರಿಗಳ ವಾದ. ಕೇಳಿ ಕೇಳಿ ಸಾಕಾಗಿದೆ.

ಉತ್ತರ (ಕೇಳಿದವರಿಂದ):
ತುಂಬಾ ಥ್ಯಾಂಕ್ಸ್. 'ಒತ್ತಿ ಹಿಡಿಯುವ' ಮತ್ತು 'ತಂತಿ ಹಾರಿಸುವ' ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಶಾಕ್ ಲಾಠಿಯೂ ಒತ್ತಿ ಹಿಡಿಯುವ ಸಾಲಿಗೇ ಹೋಯಿತು, ಉದ್ದ ಇದೆ ಅನ್ನುವುದೊಂದೇ ವ್ಯತ್ಯಾಸ. ವೋಲ್ಟ್ ಕಾಲಂ ತೆಗೆದೆ. ಆ ಜಾಗದಲ್ಲಿ ಕಾನೂನಿನ ಮಾತು ಸೇರಿಸಿದ್ದೇನೆ: ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಮ್ಯಾಸಚೂಸೆಟ್ಸ್‌ನಲ್ಲಿ ಲೈಸೆನ್ಸ್ ಬೇಕು, ವಿಮಾನದೊಳಗೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ಈ ಕೊನೆಯ ಸಾಲಿಗೆ 'ಕೈಚೀಲ' ಸಾಕೇ, 'ಹ್ಯಾಂಡ್ ಬ್ಯಾಗೇಜ್' ಅಂತಲೇ ಬರೆಯಬೇಕೇ? ರಾತ್ರಿಯೊಳಗೆ ಹೇಳಿ.